ಬಿರಿದ ಅರಗು: ಮರ ಬದಲಿಸಲು ಹೊರಟ ಒಂದು ಗೊಂಬೆ ಕಾರ್ಖಾನೆಯ ಪ್ರಕರಣ

ಮರದ ತಂತ್ರಜ್ಞಾನ ನನ್ನ ವೃತ್ತಿ. ಕಾಡಿನ ಮರದ ಬದಲು ತೋಟದ, ಹೊಲದ ಬದುವಿನ ಮರಗಳನ್ನು ಬಳಸಲು ಬಯಸುವ ಸಣ್ಣ ಘಟಕಗಳಿಗೆ ಸಲಹೆ ಕೊಡುತ್ತೇನೆ. ಅಂಥ ಒಂದು ಘಟಕದಲ್ಲಿ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಕಾರ್ಖಾನೆಯ ಹೆಸರು, ಜನರ ಹೆಸರು, ಖರೀದಿದಾರರ ದೇಶ ಯಾವುದನ್ನೂ ಹೇಳಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಆದ ತಪ್ಪುಗಳನ್ನು ಮಾತ್ರ ಬದಲಿಸಿಲ್ಲ. ಅವುಗಳಲ್ಲಿ ಒಂದು ನನ್ನದು, ಇನ್ನೊಂದರಲ್ಲಿ ನನಗೂ ಪಾಲಿದೆ.

ಹಿನ್ನೆಲೆ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು 60 ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಅರಗಿನ ಬಣ್ಣದ ಗೊಂಬೆಗಳಿಂದಾಗಿ ಭೌಗೋಳಿಕ ಗುರುತು ಪಡೆದ ಊರು. ನಾನು ಹೇಳುತ್ತಿರುವ ಕಾರ್ಖಾನೆ ಅಲ್ಲಿನ ಮಟ್ಟಿಗೆ ಮಧ್ಯಮ ಗಾತ್ರದ್ದು. ಹತ್ತು ಲೇತ್‌ಗಳು, ಹದಿನೈದರಷ್ಟು ಕೆಲಸಗಾರರು, ಅರ್ಧದಷ್ಟು ಹೆಂಗಸರು. ಯಜಮಾನರು ತಂದೆಯಿಂದ ಕಸುಬನ್ನು ಪಡೆದವರು. ಪದವಿ ಮುಗಿಸಿದ ಅವರ ಮಗಳು ಲೆಕ್ಕಪತ್ರ, ಇಮೇಲ್, ರಫ್ತಿನ ಕಾಗದಗಳನ್ನು ನೋಡಿಕೊಳ್ಳುತ್ತಾಳೆ. ಎಲ್ಲರಿಗಿಂತ ಹಿರಿಯರು ಎಪ್ಪತ್ತು ದಾಟಿದ ಒಬ್ಬ ಕಸುಬುದಾರರು. ಯಜಮಾನರಿಂದ ಹಿಡಿದು ಚಹಾ ತರುವ ಹುಡುಗನವರೆಗೆ ಎಲ್ಲರಿಗೂ ಅವರು ‘ಚಾಚಾ’.

ಅರಗಿನ ಕೆಲಸವನ್ನು ಹತ್ತಿರದಿಂದ ನೋಡದವರಿಗೆ ಎರಡು ಮಾತು. ಲೇತ್‌ನಲ್ಲಿ ಗರಗರ ತಿರುಗುವ ಮರದ ತುಂಡನ್ನು ಮೊದಲು ಉಳಿಯಿಂದ ಕಡೆದು ಆಕಾರಕ್ಕೆ ತರುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಮೆತ್ತಗಾಗಿ ಮರಕ್ಕೆ ಹತ್ತುತ್ತದೆ. ಅದು ಆರುವ ಮೊದಲೇ ಕೇದಿಗೆಯ ಒಣ ಗರಿಯನ್ನು ಅಡ್ಡ ಒತ್ತಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂಥ ಮೆರುಗು ಬರುತ್ತದೆ. ಕುಂಚವೂ ಬೇಡ, ತೆಳುಕಾರಕವೂ ಬೇಡ, ಒಣಗಲು ಕಾಯುವುದೂ ಬೇಡ. ಅರಗು ಕೀಟದಿಂದ ಬರುವ ರಾಳ. ಶುದ್ಧ ಮಾಡಿದ ಅರಗನ್ನು ಮಿಠಾಯಿ, ಮಾತ್ರೆಗಳ ಹೊರಲೇಪಕ್ಕೂ ಬಳಸುತ್ತಾರೆ. ನವೀಕರಿಸಬಹುದಾದ ವಸ್ತುಗಳ ಬಗ್ಗೆ ಮಾತನಾಡುವವರು ಒಮ್ಮೆ ಇದನ್ನು ನಿಂತು ನೋಡಬೇಕು. ಬಣ್ಣ ಬಳಿಯುವ ಇಷ್ಟು ಸ್ವಚ್ಛವಾದ ವಿಧಾನಗಳು ನನಗೆ ತಿಳಿದಂತೆ ಬಹಳ ಇಲ್ಲ.

ಅರಗಿಗೆ ತಕ್ಕ ಮರವೆಂದರೆ ಹಾಲೆ. ಆ ಕಡೆಯವರ ಬಾಯಲ್ಲಿ ಅದು ಆಲೆ ಮರ. ದಂತದಂಥ ಬಿಳುಪು, ನುಣ್ಣನೆಯ ಎಳೆ, ಉಳಿಗೆ ಬೆಣ್ಣೆಯಂತೆ ಬಗ್ಗುವ ಗುಣ. ಆದರೆ ಇದು ಒಣ ಕಾಡಿನ, ಹೊಲದ ಬದುವಿನ ಸಣ್ಣ ಮರ. ನಿಧಾನವಾಗಿ ಬೆಳೆಯುತ್ತದೆ, ದಪ್ಪನೆಯ ದಿಮ್ಮಿ ಸಿಗುವುದು ಅಪರೂಪ. ಗೊಂಬೆಗೆ ಬೇಡಿಕೆ ಏರಿದಂತೆ ಕಾರ್ಖಾನೆಗೆ ಬರುವ ದಿಮ್ಮಿಗಳು ತೆಳ್ಳಗಾಗುತ್ತ ಬಂದಿದ್ದವು. ದೊಡ್ಡ ಗಾತ್ರದ ಬಳೆ, ಚಕ್ರಗಳಿಗೆ ಸಾಕಾಗುವ ತುಂಡು ಹತ್ತರಲ್ಲಿ ಒಂದು ಸಿಕ್ಕರೆ ಹೆಚ್ಚು.

ಆ ಹೊತ್ತಿಗೆ ಯುರೋಪಿನ ಒಬ್ಬ ಖರೀದಿದಾರರಿಂದ ದೊಡ್ಡ ಬೇಡಿಕೆ ಬಂತು. ಕೂಸುಗಳಿಗೆ ಗಿಲಕಿ, ಕಂಬಕ್ಕೆ ಒಂದರ ಮೇಲೊಂದು ಪೋಣಿಸುವ ಬಳೆಗಳ ಆಟಿಕೆ, ಹಗ್ಗ ಕಟ್ಟಿ ಎಳೆಯುವ ಚಕ್ರದ ಪ್ರಾಣಿಗಳು, ಊಟದ ಮೇಜಿನ ಕರವಸ್ತ್ರದ ಉಂಗುರಗಳು. ಮರ ಎಲ್ಲಿಂದ ಬಂತೆಂಬುದಕ್ಕೆ ಕಾಗದ ಬೇಕು ಎಂಬ ಷರತ್ತೂ ಇತ್ತು. ಯಜಮಾನರು ಸಿಲ್ವರ್ ಓಕ್ ಕಡೆ ನೋಡಿದ್ದು ಹೀಗೆ. ಆಸ್ಟ್ರೇಲಿಯಾ ಮೂಲದ ಈ ಮರ ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ತುಂಬಿಕೊಂಡಿದೆ. ಬೇಗ ಬೆಳೆಯುತ್ತದೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಕಡಿತಲೆಗೆ ಅನುಮತಿಯಿಂದ ವಿನಾಯಿತಿ ಕೊಟ್ಟ ಮರಗಳಲ್ಲಿ ಇದೂ ಒಂದು. ಯಾವ ತೋಟದ್ದು, ಯಾವಾಗ ಕಡಿದದ್ದು ಎಂದು ಬರೆದುಕೊಡಲು ಹಾಸನದ ಕಡೆಯ ಒಬ್ಬ ತೋಟಗಾರರು ಒಪ್ಪಿದರು. ಒಳ್ಳೆಯ ಆಲೋಚನೆ. ಈಗಲೂ ಅದನ್ನು ಒಳ್ಳೆಯ ಆಲೋಚನೆ ಎಂದೇ ಹೇಳುತ್ತೇನೆ.

ಏನು ಕೆಟ್ಟಿತು

ಬೇಸಿಗೆಯ ಕೊನೆಗೆ ದಿಮ್ಮಿ ಬಂತು. ಮಳೆಗಾಲವಿಡೀ ಕೆಲಸ ನಡೆದು ಸೆಪ್ಟೆಂಬರ್‌ನಲ್ಲಿ ಮೊದಲ ಕಂತು ಹಡಗು ಹತ್ತಿತು. ಡಿಸೆಂಬರ್ ಕೊನೆಯಲ್ಲಿ ಬಂದ ಇಮೇಲ್‌ನಲ್ಲಿ ಛಾಯಾಚಿತ್ರಗಳಿದ್ದವು. ಬಳೆಗಳ ಮೇಲಿನ ಅರಗು ಕೂದಲೆಳೆಯಷ್ಟು ಸಣ್ಣ ಗೆರೆಗಳಾಗಿ ಬಿರಿದಿತ್ತು. ಕೆಲವು ಬಳೆಗಳು ದುಂಡಗೆ ಉಳಿಯದೆ ಮೊಟ್ಟೆಯಾಕಾರಕ್ಕೆ ತಿರುಗಿ ಕಂಬದಲ್ಲಿ ಸಿಕ್ಕಿಕೊಂಡಿದ್ದವು. ಕಂಬ ಪೀಠದ ತೂತಿನಲ್ಲಿ ಸಡಿಲವಾಗಿ ಅಲ್ಲಾಡುತ್ತಿತ್ತು. ಅದೇ ಕಂತಿನಿಂದ ಕಾರ್ಖಾನೆಯ ಕಪಾಟಿನಲ್ಲಿ ಎತ್ತಿಟ್ಟಿದ್ದ ಮಾದರಿಗಳು ಮಾತ್ರ ಹೊಸದರಂತೆ ಹೊಳೆಯುತ್ತಿದ್ದವು.

ಯಜಮಾನರು ನನ್ನನ್ನು ಕರೆಸಿದಾಗ ಅವರ ತೀರ್ಮಾನ ಆಗಲೇ ಆಗಿತ್ತು. ‘ಸಿಲ್ವರ್ ಓಕ್ ಗೊಂಬೆಗೆ ಬರುವ ಮರವಲ್ಲ, ಮೇಡಂ. ನಮ್ಮ ತಂದೆಯ ಕಾಲದಿಂದ ಹಾಲೆಯಲ್ಲಿ ಒಂದು ಗೆರೆ ಬಿದ್ದದ್ದು ನೋಡಿಲ್ಲ.’ ರಬ್ಬರ್ ಮರವನ್ನಾದರೂ ನೋಡೋಣವೇ, ಇಲ್ಲ ಬೇಡಿಕೆಯನ್ನೇ ಬಿಡೋಣವೇ ಎಂಬುದಷ್ಟೇ ಅವರ ಪ್ರಶ್ನೆ. ಮರ ಚೆನ್ನಾಗಿ ಒಣಗಿತ್ತೇ ಎಂದು ಕೇಳಿದೆ. ಅವರು ಎರಡು ಮೊಳೆಯ ತೇವಮಾಪಕ ತಂದು ಒಂದು ದಿಮ್ಮಿಗೆ ಚುಚ್ಚಿ ತೋರಿಸಿದರು. ತೇವ ಶೇಕಡ 12 ಎಂದು ತೋರಿಸಿತು. ನಮ್ಮ ಹವೆಗೆ ಅದು ಒಪ್ಪತಕ್ಕ ಅಂಕಿ.

ಮೂಲೆಯ ಲೇತ್‌ನಲ್ಲಿದ್ದ ಚಾಚಾ ಮಾತಾಡಲಿಲ್ಲ. ಎರಡು ತುಂಡುಗಳನ್ನು ಕೈಗೆತ್ತಿಕೊಂಡು ಒಂದಕ್ಕೊಂದು ಕುಟ್ಟಿ ಕೇಳಿಸಿದರು. ಆಮೇಲೆ ಅಟ್ಟದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಹಾಲೆಯ ಎರಡು ತುಂಡುಗಳನ್ನು ಕುಟ್ಟಿದರು. ಮೊದಲನೆಯದು ‘ಡಬ್’ ಎಂದಿತು, ಎರಡನೆಯದು ‘ಟಣ್’ ಎಂದಿತು. ಇಷ್ಟನ್ನು ಅವರು ಮಳೆಗಾಲದಲ್ಲೇ ಹೇಳಿದ್ದರಂತೆ. ಯಂತ್ರ 12 ಎಂದು ತೋರಿಸಿದ ಮೇಲೆ ಆ ಮಾತಿಗೆ ಬೆಲೆ ಇರಲಿಲ್ಲ.

ಆ ತೇವಮಾಪಕದ ಮೊಳೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಆಳಕ್ಕೆ ಹೋಗುವುದಿಲ್ಲ. ಅದು ಹೇಳುವುದು ಮರದ ಚರ್ಮದ ಸುದ್ದಿ. ಒಂದು ದಿಮ್ಮಿಯನ್ನು ನಡುವೆ ಕತ್ತರಿಸಿ, ಒಳಭಾಗದಿಂದ ತೆಳ್ಳಗಿನ ಒಂದು ತುಂಡು ತೆಗೆಸಿದೆ. ಯಜಮಾನರ ಮನೆಯಲ್ಲಿ ಕೇಕ್ ಬೇಯಿಸುವ ಸಣ್ಣ ಓವನ್ ಇತ್ತು, ಪಕ್ಕದ ಅಂಗಡಿಯಲ್ಲಿ ತಕ್ಕಡಿ ಸಿಕ್ಕಿತು. 103 ಡಿಗ್ರಿಯ ಸುತ್ತ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಗಂಟೆಗೊಮ್ಮೆ ತೂಗಿದೆವು. 46 ಗ್ರಾಂ ಇದ್ದದ್ದು ಸಂಜೆಗೆ 39ಕ್ಕೆ ಬಂದು ನಿಂತಿತು. ಹೋದ ನೀರು 7 ಗ್ರಾಂ. ಅದನ್ನು ಒಣ ತೂಕ 39ರಿಂದ ಭಾಗಿಸಿ ಮಗಳೇ ಲೆಕ್ಕ ಹೇಳಿದಳು: ಸುಮಾರು ಶೇಕಡ 18. ದಿಮ್ಮಿಯ ಹೊರಗೆ 12, ಒಳಗೆ 18.

ಬಿಸ್ಕತ್ತಿನ ಡಬ್ಬಿ

ಇಷ್ಟಾದರೂ ಯಜಮಾನರಿಗೆ ಸಮಾಧಾನವಾಗಲಿಲ್ಲ. ಒದ್ದೆ ಮರವಾದರೆ ಇಲ್ಲಿರುವ ಮಾದರಿಗಳೂ ಬಿರಿಯಬೇಕಿತ್ತಲ್ಲ ಎಂಬುದು ಅವರ ವಾದ. ನ್ಯಾಯವಾದ ವಾದವೇ. ಮರ ಸುತ್ತಲಿನ ಗಾಳಿಯ ಜೊತೆ ಸದಾ ತೇವದ ಕೊಡುಕೊಳ್ಳುವಿಕೆಯಲ್ಲಿರುತ್ತದೆ. ನಮ್ಮ ಮಳೆಗಾಲದಲ್ಲಿ ಮರದ ತೇವ ಶೇಕಡ 14ರಿಂದ 16ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಯುರೋಪಿನ ಮನೆಯೊಳಗಿನ ಗಾಳಿ ವಿಪರೀತ ಒಣ. ಅಲ್ಲಿ ಅದೇ ಮರ 6ರಿಂದ 8ಕ್ಕೆ ಇಳಿಯುತ್ತದೆ. ಇಳಿಯುವಾಗ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಕುಗ್ಗುವುದಿಲ್ಲ. ವಾರ್ಷಿಕ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ, ನಡುವಿನಿಂದ ತೊಗಟೆಯ ಕಡೆಗೆ ಆಗುವುದರ ಹೆಚ್ಚುಕಡಿಮೆ ಎರಡು ಪಟ್ಟು. ದುಂಡನೆಯ ಬಳೆ ಮೊಟ್ಟೆಯಾಗುವುದು ಅದರಿಂದಲೇ. ಮರದ ಮೇಲೆ ಗಾಜಿನಂತೆ ಕುಳಿತ ಅರಗಿಗೆ ಬಾಗುವ ಗುಣವಿಲ್ಲ. ಕೆಳಗಿನ ಮರ ಜರುಗಿದರೆ ಅದು ಬಿರಿಯಲೇಬೇಕು.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಮೇಲು ಅನ್ನಿಸಿತು. ಬೇಕರಿಯಿಂದ ಬಿಗಿ ಮುಚ್ಚಳದ ದೊಡ್ಡ ಬಿಸ್ಕತ್ತಿನ ಡಬ್ಬಿ ತರಿಸಿದೆ. ತಳಕ್ಕೆ ತೇವ ಹೀರುವ ಸಿಲಿಕಾ ಹರಳು ಹರಡಿ, ಮೇಲೆ ಜಾಲರಿ ಇಟ್ಟು, ಕಪಾಟಿನಿಂದ ಮೂರು ಬಳೆಗಳನ್ನು ಅದರೊಳಗೆ ಹಾಕಿದೆವು. ಹರಳಿನ ಬಣ್ಣ ತಿರುಗಿದಾಗಲೆಲ್ಲ ಮಗಳು ಅದನ್ನು ಬಿಸಿ ಮಾಡಿ ಮತ್ತೆ ಹಾಕಬೇಕು. ಡಬ್ಬಿ ಮುಚ್ಚುವ ಹೊತ್ತಿಗೆ ಚಾಚಾ ಬಂದು ಹಾಲೆ ಮರದ ಒಂದು ಬಳೆಯನ್ನು ತಾವಾಗಿ ಒಳಗೆ ಹಾಕಿದರು. ಅದೇ ಬೇಡಿಕೆಗೆ, ಅದೇ ಮಳೆಗಾಲದಲ್ಲಿ ಕಡೆದದ್ದು. ‘ಇದೂ ಇರಲಿ ಅಮ್ಮಾ’ ಎಂದಷ್ಟೇ ಹೇಳಿದರು.

ಒಂಬತ್ತನೆಯ ದಿನ ಮಗಳು ಫೋನ್ ಮಾಡಿದಳು. ಸಿಲ್ವರ್ ಓಕ್ ಬಳೆ ಮೂರೂ ಬಿರಿದಿದ್ದವು. ಹಾಲೆಯ ಬಳೆಯೂ ಬಿರಿದಿತ್ತು. ಗೆರೆಗಳು ಕಡಿಮೆ, ಸಣ್ಣವು, ಆದರೆ ಇದ್ದವು.

ಇಡೀ ಪ್ರಕರಣ ದಿಕ್ಕು ಬದಲಿಸಿದ್ದು ಅಲ್ಲಿ. ಯಜಮಾನರು ಆ ಬಳೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ ಬಹಳ ಹೊತ್ತು ಕುಳಿತಿದ್ದರು. ತಂದೆಯ ಕಾಲದಲ್ಲಿ ಗೆರೆ ಬಿದ್ದದ್ದು ನೋಡಿಲ್ಲ ಎಂದ ಅವರ ಮಾತು ಸುಳ್ಳಲ್ಲ. ಹಾಗಾದರೆ ಅಂದಿಗೂ ಇಂದಿಗೂ ಏನು ಬದಲಾಯಿತು? ನಾನು ಹಳೆಯ ಲೆಕ್ಕದ ಪುಸ್ತಕ ಕೇಳಿದೆ. ಮರ ಕೊಂಡ ದಿನಾಂಕ, ಮಾಲು ಕಳಿಸಿದ ದಿನಾಂಕ ಎರಡನ್ನೂ ಎದುರುಬದುರು ಇಟ್ಟು ನೋಡಿದೆವು. ತಂದೆಯ ಕಾಲದಲ್ಲಿ ಕೊಂಡ ಮರ ಗೊಂಬೆಯಾಗುವ ಹೊತ್ತಿಗೆ ಆರು ತಿಂಗಳೋ ಎಂಟು ತಿಂಗಳೋ ಆಗಿರುತ್ತಿತ್ತು. ಹಣ ಕೂಡಿದಾಗ ಮರ ಕೊಂಡು ಅಟ್ಟಕ್ಕೆ ಏರಿಸುವುದು, ಬೇಡಿಕೆ ಬಂದಾಗ ಇಳಿಸುವುದು ಆಗಿನ ರೂಢಿ. ಅಟ್ಟದ ಕೆಳಗೇ ಅಡುಗೆಯ ಒಲೆ. ಮರ ಅಲ್ಲಿ ಸುಮ್ಮನೆ ಬಿದ್ದಿರುತ್ತಿರಲಿಲ್ಲ, ಒಣಗುತ್ತಿತ್ತು. ಈಗ ಬೇಡಿಕೆ ಬಂದ ಮೇಲೆ ಮರ ಕೊಳ್ಳುತ್ತಾರೆ, ಐದಾರು ವಾರಗಳಲ್ಲಿ ಕಡೆಯುತ್ತಾರೆ. ಅಟ್ಟ ರಟ್ಟಿನ ಪೆಟ್ಟಿಗೆಗಳ ಉಗ್ರಾಣವಾಗಿತ್ತು.

ಮರ ಕೊಯ್ಯುವುದು, ಕಡೆಯುವುದು, ಅರಗು ಹಾಕುವುದು, ಮೆರುಗು ಕೊಡುವುದು ಎಂದು ಕಸುಬಿನ ಹಂತಗಳನ್ನು ಎಣಿಸುವಾಗ ಅಟ್ಟದ ಆ ಕಾಯುವಿಕೆಯನ್ನು ಯಾರೂ ಹಂತವೆಂದು ಎಣಿಸಿರಲಿಲ್ಲ. ಕೈ ಆಡಿಸುವ ಕೆಲಸ ಅದರಲ್ಲಿ ಇರಲಿಲ್ಲ. ಮರ ಬದಲಾಯಿತೆಂದು ಎಲ್ಲರೂ ಮರವನ್ನೇ ನೋಡುತ್ತಿದ್ದೆವು. ಅದೇ ವರ್ಷ ಆ ಕಾಯುವಿಕೆ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿತ್ತು. ಎರಡು ಬದಲಾವಣೆಗಳು ಒಟ್ಟಿಗೆ ಆದಾಗ ಕಣ್ಣಿಗೆ ಕಂಡದ್ದರ ಮೇಲೆ ಅಪವಾದ ಬಿತ್ತು. ಚಾಚಾ ಡಬ್ಬಿಯೊಳಗೆ ಹಾಕಿದ ಆ ಒಂದು ಬಳೆ ಇಲ್ಲದಿದ್ದರೆ ನಾವು ಹಾಗೇ ನಂಬಿಕೊಂಡು ಮುಂದೆ ಹೋಗುತ್ತಿದ್ದೆವು. ಹೋಲಿಕೆಗೆ ಹಳೆಯ ಮರವನ್ನೂ ಇಡಬೇಕೆಂಬುದು ನನ್ನ ಓದಿನ ಮೊದಲ ಪಾಠ. ಅದು ನನಗೇ ಹೊಳೆಯಬೇಕಿತ್ತು.

ನಡುವೆ ರಬ್ಬರ್ ಮರದ ಮಾತು

ಇದರ ನಡುವೆಯೇ ಯಜಮಾನರು ಸುಳ್ಯದ ಕಡೆಯಿಂದ ರಬ್ಬರ್ ಮರದ ಹಲಗೆಗಳನ್ನು ಮಾದರಿಗೆ ತರಿಸಿದ್ದರು. ಹಾಲು ಕೊಡುವುದು ನಿಂತ ಮೇಲೆ, ನೆಟ್ಟು 25–30 ವರ್ಷವಾದ ಬಳಿಕ ಕಡಿಯುವ ಮರ. ಮೊದಲು ಸೌದೆಯಾಗುತ್ತಿದ್ದದ್ದು ಈಗ ಪೀಠೋಪಕರಣವಾಗುತ್ತಿದೆ. ಬಣ್ಣ ತಿಳಿ, ಕಡೆತಕ್ಕೂ ಒಳ್ಳೆಯದು. ತೊಂದರೆ ಇರುವುದು ಅದರ ಪಿಷ್ಟದಲ್ಲಿ. ಕಡಿದ ಕೆಲವೇ ದಿನಗಳಲ್ಲಿ ನೀಲಿ ಬೂಷ್ಟು, ಆಮೇಲೆ ಹುಳು. ಹಾಗಾಗಿ ಬೋರಿಕ್ ಆಮ್ಲ ಮತ್ತು ಬೊರಾಕ್ಸ್ ದ್ರಾವಣವನ್ನು ಒತ್ತಡದಲ್ಲಿ ಮರದೊಳಕ್ಕೆ ಇಳಿಸುತ್ತಾರೆ.

ಕುರ್ಚಿಗೆ ಅದು ಸರಿ. ಕೂಸು ಬಾಯಿಗಿಟ್ಟು ಚೀಪುವ ಗಿಲಕಿಗೆ? ಬೋರಿಕ್ ಆಮ್ಲವನ್ನು ಐರೋಪ್ಯ ಒಕ್ಕೂಟ ಸಂತಾನಶಕ್ತಿಗೆ ಹಾನಿಕರ ವಸ್ತುಗಳ ಸಾಲಿಗೆ ಸೇರಿಸಿದೆ. ಆಟಿಕೆಯಿಂದ ಬೋರಾನ್ ಎಷ್ಟು ಹೊರಬರಬಹುದೆಂಬುದಕ್ಕೆ ಅವರ ನಿಯಮಗಳಲ್ಲಿ ಮಿತಿಯಿದೆ. ಪರೀಕ್ಷೆಗೆ ಕೊಟ್ಟಿದ್ದರೆ ನಮ್ಮ ಮಾದರಿ ಆ ಮಿತಿಯೊಳಗೇ ಬರುತ್ತಿತ್ತೇನೋ. ನಮ್ಮಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಇದೆ. ವಿನಾಯಿತಿ ಸರಿಯಾದದ್ದೇ, ಇಲ್ಲದಿದ್ದರೆ ಸಣ್ಣ ಕಸುಬುದಾರರು ಉಳಿಯುವುದು ಕಷ್ಟ. ಆದರೆ ಮರದೊಳಗೆ ಏನಿದೆ ಎಂದು ಕೇಳುವ ಹೊಣೆ ಆಗ ಮಾಡುವವನ ಮೇಲೇ ಬರುತ್ತದೆ. ಹಲಗೆ ಕೊಟ್ಟವರಿಗೆ ಎಷ್ಟು ರಾಸಾಯನಿಕ ಒಳಗಿಳಿದಿದೆ ಎಂದು ಹೇಳಲಾಗಲಿಲ್ಲ. ಮೇಲೆ ಅರಗಿದೆಯಲ್ಲ ಎಂಬ ಸಮಾಧಾನವೂ ನಿಲ್ಲಲಿಲ್ಲ. ಬಿರಿದ ಅರಗಿನ ಚಿತ್ರಗಳು ನಮ್ಮ ಮುಂದೆಯೇ ಇದ್ದವು. ಅರ್ಧ ಗಂಟೆಯ ಮಾತುಕತೆಯಲ್ಲಿ ರಬ್ಬರ್ ಮರವನ್ನು ಮಕ್ಕಳ ವಸ್ತುಗಳಿಂದ ಹೊರಗಿಟ್ಟೆವು. ಆ ಹಲಗೆಗಳು ಅಂಗಡಿಯ ಪ್ರದರ್ಶನ ಕಪಾಟುಗಳಾದವು.

ನನ್ನ ತಪ್ಪು

ಈಗ ಉಳಿದದ್ದು ಮರದ ತೇವವನ್ನು ಶೇಕಡ 8ಕ್ಕೆ ಇಳಿಸುವ ಕೆಲಸ. ಅಟ್ಟದಲ್ಲಿ ಎಂಟು ತಿಂಗಳು ಕಾಯುವಷ್ಟು ಹೊತ್ತು ಯಾರ ಬಳಿಯೂ ಇರಲಿಲ್ಲ. ಅಟ್ಟದಲ್ಲಿ ಎಷ್ಟು ಕಾಯ್ದರೂ ಮಳೆಗಾಲದಲ್ಲಿ 8 ಆಗುವುದೂ ಇಲ್ಲ. ಬಿಸಿ ಗಾಳಿಯಲ್ಲಿ ಮರ ಒಣಗಿಸುವ, ನನಗೆ ಪರಿಚಯವಿದ್ದ ಒಂದು ಒಣಗೂಡಿನಲ್ಲಿ ಜಾಗ ಕೇಳಿ, ಎರಡು ಗಾಡಿ ಸಿಲ್ವರ್ ಓಕ್ ದಿಮ್ಮಿಗಳನ್ನು ಹಾಗೇ ದುಂಡಗೆ ಒಳಗೆ ಹಾಕಿಸಿದೆ. ಹಲಗೆಗೆ ಬಳಸುವ ಬಿಸಿಯ ಕ್ರಮವನ್ನೇ ಸ್ವಲ್ಪ ತಗ್ಗಿಸಿ ಬಳಸಿದೆ.

ಬಾಗಿಲು ತೆಗೆದ ದಿನ ಒಳ್ಳೆಯದೆನ್ನಬಹುದಾದ ತುಂಡುಗಳು ಕೈಬೆರಳೆಣಿಕೆಯಷ್ಟು. ಉಳಿದವುಗಳ ತುದಿಗಳಲ್ಲಿ ನಡುವಿನಿಂದ ಹೊರಕ್ಕೆ ನಕ್ಷತ್ರದಂತೆ ಸೀಳು. ಕಾರಣ ಮೇಲೆ ನಾನೇ ಬರೆದದ್ದು. ಉಂಗುರದ ಗುಂಟ ಮರ ಎರಡು ಪಟ್ಟು ಕುಗ್ಗಬೇಕು, ದುಂಡು ದಿಮ್ಮಿಯಲ್ಲಿ ಅದಕ್ಕೆ ಕುಗ್ಗಲು ಎಡೆಯಿಲ್ಲ, ಬೇಗ ಒಣಗಿಸಿದರೆ ಸೀಳಿಯೇ ತೀರುತ್ತದೆ. ದಿಮ್ಮಿಯನ್ನು ನಡುತಿರುಳಿನ ಗುಂಟ ಸೀಳಿ, ತುದಿಗಳಿಗೆ ಮೇಣ ಹಚ್ಚಿ, ಮೊದಲ ವಾರಗಳಲ್ಲಿ ನೆರಳಲ್ಲಿ ನಿಧಾನವಾಗಿ ಒಣಗಿಸಿ, ಆಮೇಲೆ ಬಿಸಿಗೆ ಒಯ್ಯಬೇಕು. ಓದಿ ಗೊತ್ತಿತ್ತು, ಬೇರೆಯವರಿಗೆ ಹೇಳಿಯೂ ಗೊತ್ತಿತ್ತು. ಖರೀದಿದಾರರು ಕೊಟ್ಟ ಗಡುವನ್ನು ನೋಡಿ ಒಂದು ಹಂತ ಹಾರಿದೆ. ಯಾವ ಹಂತವನ್ನು ಹಾರಿಸಿದರೆಂದು ಯಜಮಾನರ ಲೆಕ್ಕದ ಪುಸ್ತಕದಲ್ಲಿ ಬೊಟ್ಟು ಮಾಡಿ ತೋರಿಸಿದ್ದೆನೋ ಅದೇ ಹಂತವನ್ನು ಹದಿನೈದು ದಿನಗಳೊಳಗೆ ನಾನೂ ಹಾರಿಸಿದ್ದೆ. ಮರದ ಹಣದಲ್ಲಿ ಅರ್ಧ ನಾನು ಕೊಡುತ್ತೇನೆಂದೆ. ಅವರು ಒಪ್ಪಲಿಲ್ಲ.

ಚಾಚಾ ಹೇಳಿದ್ದು

ಒಡೆದ ದಿಮ್ಮಿಗಳನ್ನು ಅಂಗಳದಲ್ಲಿ ಇಳಿಸುವಾಗ ಚಾಚಾ ಒಂದನ್ನು ಎತ್ತಿ, ಸೀಳಿಗೆ ಹೆಬ್ಬೆರಳಿನ ಉಗುರು ಇಟ್ಟು ಆಳ ನೋಡಿದರು. ಆಮೇಲೆ ನನ್ನ ಪಕ್ಕ ಕುಳಿತು ನಿಧಾನವಾಗಿ ಹೇಳಿದರು. ‘ಇಡೀ ಮರವನ್ನು ಯಾಕಮ್ಮ ಒಣಗಿಸುತ್ತೀರಿ? ನಮಗೆ ಬೇಕಾದದ್ದು ಬಳೆ. ಬಳೆಯನ್ನೇ ಒಣಗಿಸಿ.’

ಅವರು ಹುಡುಗನಾಗಿದ್ದಾಗ ಕಸುಬು ಕಲಿಸಿದ ಉಸ್ತಾದರು ದೊಡ್ಡ ಬಟ್ಟಲು ಮಾಡುವಾಗ ಹಸಿ ಮರವನ್ನೇ ಕಡೆಯುತ್ತಿದ್ದರಂತೆ. ಅಳತೆಗಿಂತ ದಪ್ಪ ಉಳಿಸಿ ಒರಟಾಗಿ ಕಡೆದು, ಹೆರೆದ ಸಿಪ್ಪೆಯ ರಾಶಿಯೊಳಗೆ ಹೂತಿಡುತ್ತಿದ್ದರು. ತಿಂಗಳು ಕಳೆದ ಮೇಲೆ ತೆಗೆದರೆ ಬಟ್ಟಲು ಸ್ವಲ್ಪ ಸೊಟ್ಟಗಾಗಿರುತ್ತಿತ್ತು, ಒಡೆದಿರುತ್ತಿರಲಿಲ್ಲ. ಮತ್ತೆ ಲೇತ್‌ಗೆ ಏರಿಸಿ ಸೊಟ್ಟವನ್ನು ಕಡೆದು ತೆಗೆದು ಅಳತೆಗೆ ತರುವುದು. ಬೊಗಸೆಯಲ್ಲಿ ಸಿಪ್ಪೆ ತುಂಬಿ, ಅದರೊಳಗೆ ಒಂದು ಬಳೆ ಮುಚ್ಚಿ ಅವರು ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮರದ ಭೌತಶಾಸ್ತ್ರಕ್ಕೆ ಇದು ಎಲ್ಲ ರೀತಿಯಲ್ಲೂ ಒಪ್ಪುತ್ತದೆ. ನಡುವೆ ತೂತು ಬಿದ್ದ ಬಳೆಯಲ್ಲಿ ನಡುತಿರುಳು ಹೋಗಿರುತ್ತದೆ, ಕುಗ್ಗಲು ಎಡೆ ಸಿಗುತ್ತದೆ. ದಪ್ಪ ಕಡಿಮೆಯಾದ್ದರಿಂದ ನೀರು ಹೊರಬರುವ ದಾರಿ ಚಿಕ್ಕದು. ಸಿಪ್ಪೆಯ ರಾಶಿ ಹೊರಮೈ ಬೇಗ ಒಣಗದಂತೆ ತಡೆಯುತ್ತದೆ. ಅದಕ್ಕೆ ನಾವು ಸೇರಿಸಿದ್ದು ಎರಡೇ ಸಂಗತಿ. ಸಿಪ್ಪೆಯಲ್ಲಿ ಬೂಷ್ಟು ಹಿಡಿಯದಂತೆ ಮೂರು ದಿನಕ್ಕೊಮ್ಮೆ ಒಣ ಸಿಪ್ಪೆ ಬದಲಿಸುವುದು. ಮೂರು ವಾರದ ಬಳಿಕ ಬಳೆಗಳನ್ನು ಮಹಡಿಯ ಮೇಲೆ ಕಟ್ಟಿದ ಬಿಸಿಲಗೂಡಿಗೆ ಒಯ್ಯುವುದು. ಕಬ್ಬಿಣದ ಚೌಕಟ್ಟು, ದಪ್ಪ ಪಾಲಿಥೀನ್ ಹೊದಿಕೆ, ಒಳಗೆ ಕಪ್ಪು ಬಳಿದ ತಗಡು, ಗಾಳಿ ಆಡಿಸಲು ಒಂದು ಫ್ಯಾನ್ ಇಷ್ಟೇ ಆ ಗೂಡು. ಹಗಲು ಬಿಸಿಯಾಗಿ, ರಾತ್ರಿ ತಣ್ಣಗಾಗುವ ಹೊತ್ತಿಗೆ ಮರದೊಳಗಿನ ಬಿಗಿ ಸಡಿಲವಾಗುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ಉರಿಯುವ ಒಣಗೂಡಿಗಿಂತ ಸಣ್ಣ ಘಟಕಕ್ಕೆ ಇದು ಒಳ್ಳೆಯದು, ಸೌದೆಯೂ ಬೇಡ.

ಬೇಸಿಗೆಯಲ್ಲಿ ಬಳೆಗಳು 8ಕ್ಕೆ ಇಳಿದವು. ಆದರೆ ಒಣಗಿದ ಬಳೆಯನ್ನು ಮಳೆಗಾಲದ ಗಾಳಿಗೆ ಬಿಟ್ಟರೆ ಹದಿನೈದು ದಿನದಲ್ಲಿ ಮತ್ತೆ ನೀರು ಕುಡಿದಿರುತ್ತದೆ. ಒಣಗಿಸಿದ ಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್‌ಗಳಲ್ಲಿಟ್ಟು, ಆ ದಿನ ಕಡೆಯುವಷ್ಟನ್ನೇ ಹೊರತೆಗೆಯುವ ಕ್ರಮ ಜಾರಿಗೆ ಬಂತು. ಇದನ್ನು ರೂಢಿ ಮಾಡಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮುಚ್ಚಳ ತೆರೆದಿಟ್ಟ ಒಂದು ಶನಿವಾರ ಎರಡು ವಾರದ ಕೆಲಸವನ್ನು ನುಂಗಿತು.

ಪಟ್ಟಿಯಲ್ಲಿ ಇಲ್ಲದವರು

ಎಲ್ಲ ಹಿಡಿತಕ್ಕೆ ಬಂತು ಎಂದುಕೊಂಡ ಹೊತ್ತಿಗೆ, ಸ್ಯಾಂಡ್‌ಪೇಪರ್ ಹಿಡಿಯುವ ಹೆಂಗಸರಲ್ಲಿ ಒಬ್ಬರು ಕೆಲಸಕ್ಕೆ ಬರುವುದನ್ನು ನಿಲ್ಲಿಸಿದರು. ಮುಂಗೈಯಿಂದ ಮೊಣಕೈವರೆಗೆ ಕೆಂಪು ಗುಳ್ಳೆ, ತುರಿಕೆ. ಹಿಂದಿನ ವರ್ಷವೇ ಶುರುವಾಗಿತ್ತಂತೆ. ಸೆಕೆಗೆ ಎದ್ದ ಬೊಬ್ಬೆ ಎಂದು ಎಲ್ಲರೂ ಹೇಳಿದ್ದರು, ಅವರೂ ನಂಬಿದ್ದರು. ಅವರ ಮನೆಗೆ ಹೋಗಿ ನೋಡಿದಾಗ ನನಗೆ ನಾಚಿಕೆಯಾಯಿತು. ಸಿಲ್ವರ್ ಓಕ್‌ನಲ್ಲಿ ಚರ್ಮ ಕೆರಳಿಸುವ ರಾಸಾಯನಿಕಗಳಿವೆ ಎಂಬುದು ಮರ ವಿಜ್ಞಾನದವರಿಗೆ ಹೊಸ ಸುದ್ದಿಯಲ್ಲ. ತೇವ, ಕುಗ್ಗುವಿಕೆ, ಬಿರುಕು, ಬಣ್ಣ ಎಂದು ನಾನು ಮಾಡಿದ್ದ ಪರೀಕ್ಷೆಯ ಪಟ್ಟಿಯಲ್ಲಿ ಎಂಟು ಕಾಲಂ ಇದ್ದವು. ಆ ಮರವನ್ನು ದಿನವಿಡೀ ಉಜ್ಜುವ ಕೈಗಳಿಗೆ ಒಂದು ಕಾಲಂ ಇರಲಿಲ್ಲ.

ಅದಾದ ಮೇಲೆ ತೆಗೆದುಕೊಂಡ ತೀರ್ಮಾನಗಳು ವಸ್ತುಗಳ ಪಟ್ಟಿಯನ್ನೇ ಬದಲಿಸಿದವು. ಕೈಗೆ ಆಗದ ಮರ ಕೂಸಿನ ಬಾಯಿಗೆ ಬೇಡ ಎಂದು ಯಜಮಾನರ ಮಗಳು ಹೇಳಿದಳು. ಅರಗು ಹಾಕಿದ, ಒಣಗಿದ ಮರ ಅಷ್ಟು ಅಪಾಯದ್ದಲ್ಲ ಎಂದು ವಾದಿಸಬಹುದಿತ್ತು. ನಾನು ವಾದಿಸಲಿಲ್ಲ. ಗಿಲಕಿ ಮತ್ತು ಪೋಣಿಸುವ ಬಳೆಗಳು ಪೂರ್ತಿ ಹಾಲೆ ಮರಕ್ಕೆ ಮರಳಿದವು. ಎಳೆಯುವ ಪ್ರಾಣಿಗಳ ದೊಡ್ಡ ಚಕ್ರ, ಕರವಸ್ತ್ರದ ಉಂಗುರ, ಲೇಖನಿಯ ಕಂಬಗಳಿಗೆ ಸಿಲ್ವರ್ ಓಕ್. ಅದರ ಕಂದುಗೆಂಪು ಮೈ ಅರಿಶಿನದ ಹಳದಿಯನ್ನು ಮಂಕಾಗಿಸುತ್ತದೆ. ಆದ್ದರಿಂದ ಅದಕ್ಕೆ ಕೆಂಪು, ನೀಲಿ, ಕಪ್ಪು ಅರಗು ಮಾತ್ರ. ಸಿಲ್ವರ್ ಓಕ್ ಕಡೆಯುವ ನಾಲ್ಕು ಲೇತ್‌ಗಳಿಗೆ ಹೊಟ್ಟು ಎಳೆಯುವ ಕೊಳವೆ ಹಾಕಿಸಿದರು. ಉಳಿಯನ್ನು ಇನ್ನಷ್ಟು ಹರಿತವಾಗಿಟ್ಟುಕೊಂಡು ಕೊನೆಯ ಸುತ್ತನ್ನು ನಿಧಾನವಾಗಿ ಕಡೆದರೆ ಉಜ್ಜುವ ಕೆಲಸ ಬಹಳ ಕಡಿಮೆಯಾಗುತ್ತದೆ ಎಂದು ಚಾಚಾ ಇಬ್ಬರು ಹುಡುಗರಿಗೆ ಕೂತು ಕಲಿಸಿದರು. ಆ ಹೆಂಗಸಿಗೆ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಕೊಡುತ್ತೇವೆಂದು ಯಜಮಾನರೇ ಹೋಗಿ ಕರೆದರು. ಅವರು ಬರಲಿಲ್ಲ. ಈಗ ಬೇರೆ ಕಡೆ ದುಡಿಯುತ್ತಿದ್ದಾರೆ.

ಏನಾಯಿತು

ಇದೆಲ್ಲವನ್ನೂ ಮುಚ್ಚಿಡದೆ ಖರೀದಿದಾರರಿಗೆ ಬರೆಯಬೇಕೆಂದು ಮಗಳು ಹಟ ಹಿಡಿದಳು. ಬೇಡಿಕೆ ಕೈತಪ್ಪುತ್ತದೆ ಎಂದು ಯಜಮಾನರು ಹೆದರಿದ್ದರು. ಬಳೆಗಳ ಆಟಿಕೆ ಕೇಳಿದಷ್ಟು ಕೊಡಲಾಗುವುದಿಲ್ಲ, ಉಳಿದದ್ದು ನಾಲ್ಕು ತಿಂಗಳು ತಡ ಎಂದು ಕಾರಣಸಹಿತ ಬರೆದರು. ಬೇಡಿಕೆ ಚಿಕ್ಕದಾಯಿತು, ಕೈಬಿಡಲಿಲ್ಲ. ಹೊಸ ಕ್ರಮದಲ್ಲಿ ಮಾಡಿದ ಕಂತು ಅಲ್ಲಿ ಒಂದು ಚಳಿಗಾಲ ಕಳೆಯಿತು. ದೂರು ಬಂದದ್ದು ಒಂದೇ ಪೆಟ್ಟಿಗೆಯ ಚಕ್ರಗಳ ಬಗ್ಗೆ. ತಾರೀಖು ಹಿಡಿದು ನೋಡಿದರೆ ಅವು ಮುಚ್ಚಳ ತೆರೆದಿಟ್ಟ ಆ ಶನಿವಾರದ ಡ್ರಮ್‌ನವು. ಕೆಟ್ಟದ್ದು ಎಲ್ಲಿ ಕೆಟ್ಟಿತೆಂದು ಹೀಗೆ ಬೆರಳಿಟ್ಟು ತೋರಿಸಲು ಸಾಧ್ಯವಾದದ್ದು ಆ ಕಾರ್ಖಾನೆಯಲ್ಲಿ ಅದೇ ಮೊದಲು.

ಲಾಭದ ಲೆಕ್ಕ ಸುಲಭದ್ದಲ್ಲ. ಒರಟು ಕಡೆತ, ಮರುಕಡೆತ ಎಂದು ಪ್ರತಿ ತುಂಡೂ ಎರಡು ಬಾರಿ ಲೇತ್ ಏರುತ್ತದೆ, ಕೂಲಿ ಹೆಚ್ಚು. ಒಡೆದು ಹಾಳಾಗುವುದು ಕಡಿಮೆಯಾದ್ದರಿಂದ ಮರ ಉಳಿಯುತ್ತದೆ. ಮೊದಲ ವರ್ಷ ಎರಡೂ ಸರಿಸಮ ಆಯಿತೆಂದು ಯಜಮಾನರ ಅಂದಾಜು. ದಪ್ಪ ಹಾಲೆ ದಿಮ್ಮಿಗಾಗಿ ಹುಡುಕಾಡುವುದು ನಿಂತಿದೆ. ತೆಳ್ಳಗಿನ ದಿಮ್ಮಿ ಗಿಲಕಿಗೆ, ಸಣ್ಣ ಬಳೆಗಳಿಗೆ ಸಾಕು.

ಇಂಥದೇ ಕೆಲಸಕ್ಕೆ ಕೈಹಾಕುವವರು ನನ್ನನ್ನು ಕೇಳಿದಾಗ ಈಗ ಮೊದಲು ಹೇಳುವುದು ಲೆಕ್ಕದ ಪುಸ್ತಕ ತೆಗೆಯಿರಿ ಎಂದು. ಹೊಸ ವಸ್ತು ಬಂದ ವರ್ಷ ಇನ್ನೇನು ಬದಲಾಯಿತು, ಯಾವ ಕಾಯುವಿಕೆ ಕಡಿಮೆಯಾಯಿತು ಎಂದು ನೋಡದೆ ಮರದ ಗುಣ ಪರೀಕ್ಷಿಸಲು ಹೊರಡಬೇಡಿ. ಎರಡನೆಯದು, ಮಾಲು ಹೋಗಿ ಸೇರುವ ಊರಿನ ಹವೆಯನ್ನು ಇಲ್ಲೇ ಒಂದು ಡಬ್ಬಿಯೊಳಗೆ ಕಟ್ಟಿ ನೋಡಿ, ಹಳೆಯ ವಸ್ತುವನ್ನೂ ಅದರ ಪಕ್ಕಕ್ಕೆ ಇಡಿ. ಕೆಲಸಗಾರರ ಕೈಗೊಂದು ಕಾಲಂ ಈಗ ನನ್ನ ಪಟ್ಟಿಯಲ್ಲಿ ಮೊದಲನೆಯದು.

ಕಳೆದ ಬಾರಿ ಹೋದಾಗ ಅಟ್ಟದಿಂದ ರಟ್ಟಿನ ಪೆಟ್ಟಿಗೆಗಳು ಕೆಳಗಿಳಿದಿದ್ದವು. ಹಾಲೆ ದಿಮ್ಮಿಗಳನ್ನು ಸೀಳಿ, ತುದಿಗೆ ಮೇಣ ಹಚ್ಚಿ, ನಡುವೆ ಪಟ್ಟಿ ಕೊಟ್ಟು ಒಟ್ಟಿದ್ದರು. ಪ್ರತಿ ಸಾಲಿನ ಮೇಲೂ ಸೀಮೆಸುಣ್ಣದಲ್ಲಿ ಏರಿಸಿದ ದಿನಾಂಕ. ಹತ್ತಿರದ ಹಳ್ಳಿಯ ಮೂವರು ರೈತರು ಬದುವಿನ ಮೇಲೆ ಹಾಲೆ ಸಸಿ ನೆಡಲು ಒಪ್ಪಿದ್ದಾರೆ, ಮರವಾದ ಮೇಲೆ ಕೊಳ್ಳುವುದಾಗಿ ಯಜಮಾನರು ಬರೆದುಕೊಟ್ಟಿದ್ದಾರೆ. ಅವು ಲೇತ್ ಏರಲು ಇನ್ನೂ ಹತ್ತಾರು ವರ್ಷ ಬೇಕು. ಯಾವ ತಳಿ ನೇರವಾಗಿ, ದಪ್ಪಗೆ ಬರುತ್ತದೆ ಎಂದು ನೋಡಲು ಸಸಿಗಳನ್ನು ನಾಲ್ಕು ಕಡೆಗಳಿಂದ ತಂದು, ಬೇರೆ ಬೇರೆ ಸಾಲಿನಲ್ಲಿ ನೆಟ್ಟು ಗುರುತು ಹಾಕಿದ್ದೇವೆ. ಈ ಮಳೆಗೆ ಮೊದಲ ಅಳತೆ ತೆಗೆಯಬೇಕು.